ನಾಲ್ಕು ತಾಸಿನ ಪ್ರಳಯ

ಮೈನಾಟ್ ಊರಿನ ಡಯಾಲಿಸಿಸ್ ಕೋಣೆಯಲ್ಲಿ
ಸೋಮವಾರ, ಬುಧವಾರ, ಶುಕ್ರವಾರ
ಬೆಳಗಿನ ಆರಕ್ಕೆ ಸರಿಯಾಗಿ ಲೋಕ ಮುಳುಗುತ್ತದೆ.
ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ನರ್ಸ್ ಕೊರಿನ್ ಸೂಜಿ ಚುಚ್ಚಿ, ಪಟ್ಟಿ ಅಂಟಿಸಿ,
"ಎಲ್ಲಿಗೆ ಬಂತು?" ಅನ್ನುತ್ತಾಳೆ.
ಕೇಳುವುದು ನೋವನ್ನಲ್ಲ, ಕತೆಯನ್ನು.

ನಾಲ್ವರೂ ಕೇಳುವುದು ಒಂದೇ ಪುಸ್ತಕ.
ಕಿವಿ ಏಳು
(ವರ್ಲಿನನ ಎಡಗಿವಿ ರೈಲಿನ ಇಂಜಿನ್ನುಗಳ ಪಾಲಾಗಿದೆ),
ಅಭಿಪ್ರಾಯ ಒಂಬತ್ತು.

ವರ್ಲಿನ್ ಹೇಳುತ್ತಾನೆ:
"ಮೂರು ಚಳಿಗಾಲ ಅದೇ ಟ್ರಕ್ಕು ಓಡಿಸಿದನಲ್ಲ ಈ ನಾಯಕ,
ಡೀಸೆಲ್ಲೂ ಹಾಲಿನ ಹಾಗೇ, ಇಟ್ಟರೆ ಕೆಡುತ್ತದೆ.
ಬರೆದವನ ಉಗುರಲ್ಲಿ ಒಂದು ದಿನವೂ ಗ್ರೀಸ್ ಕೂತಿಲ್ಲ."

ಮಾರ್ಲಿಸ್ ಮೂವತ್ತೊಂದು ವರ್ಷ ಶಾಲೆಮಕ್ಕಳಿಗೆ ಬೇಯಿಸಿದವಳು.
"ಡಬ್ಬಿ ಒಡೆಯುತ್ತಾರೆ, ತಿನ್ನುತ್ತಾರೆ, ಮತ್ತೆ ಓಟ.
ಹನ್ನೆರಡು ಗಂಟೆ ಕೇಳಿದೆ,
ಪಾತ್ರೆ ತೊಳೆದ ಒಂದು ಸದ್ದಿಲ್ಲ.
ಹೆಂಗಸರ ಮಾತನ್ನೆಲ್ಲ ನೆಗಡಿ ಹಿಡಿದವರ ಹಾಗೆ ಓದುತ್ತಾನೆ, ಬೇರೆ."

ಟಡೇಯೊ ಇಪ್ಪತ್ತಾರರ ಹುಡುಗ.
ಒಂದೂವರೆ ಪಟ್ಟು ವೇಗದಲ್ಲಿ ಕೇಳಿ
ನಮಗಿಂತ ಮೊದಲೇ ಎಲ್ಲರನ್ನೂ ಹೂತು ಬಂದು
ಬಾಯಿ ಬಿಗಿದು ಕೂರುತ್ತಾನೆ.
ಹೊಸ ಕಿಡ್ನಿಯ ಸಾಲಿನಲ್ಲಿ ಅವನ ಸರದಿ ಮಾತ್ರ
ಯಾವ ಗುಂಡಿ ಒತ್ತಿದರೂ ಓಡುವುದಿಲ್ಲ.

ನಾನು ಧಾನ್ಯದ ಲಾರಿ ತೂಗುತ್ತಿದ್ದವನು.
ನನಗೆ ಬೇಕು ಮೊದಲೆರಡು ಭಾಗ ಓದಿದ ಹಳೆಯ ದನಿ:
ಉಗುರುಬೆಚ್ಚಗೆ, ಆಗಷ್ಟೇ ಕೆಮ್ಮಿ ನಿಲ್ಲಿಸಿದಂಥದು.
ಸುಟ್ಟ ಊರುಗಳ ಹೆಸರನ್ನು
ಮಲಗಿದವರಿಗೆ ಕಂಬಳಿ ಎಳೆದಂತೆ ಹೇಳುತ್ತಿತ್ತು.
ಮೂರನೆಯ ಭಾಗಕ್ಕೆ ಬಂದವನು ಯಾರೋ ಹೊಸಬ,
ಬೂದಿಯನ್ನೂ ಬಿಸ್ಕತ್ತಿನಂತೆ ಮಾರುತ್ತಾನೆ.

ಇಷ್ಟೆಲ್ಲ ಅಂದೆವು.
ಅನ್ನದೆ ಬಿಟ್ಟದ್ದು ಒಂದೇ:
ಮೊದಲ ಭಾಗ, ಎರಡನೆಯ ಅಧ್ಯಾಯ, ಹದಿನಾಲ್ಕನೆಯ ನಿಮಿಷ.
"ಕರೆಂಟು ಹೋಗಿ ಎರಡು ವಾರವಾಗುವಷ್ಟರಲ್ಲಿ
ಯಂತ್ರ ನೆಚ್ಚಿ ಬದುಕಿದ್ದವರು ಮುಗಿದಿದ್ದರು."
ಅಷ್ಟೇ.
ಅದು ನಾವು.
ದನಿ ಒಮ್ಮೆ ಉಸಿರೆಳೆದು
ನಾಯಿಯ ಕಡೆ ಹೊರಳಿತು.
ನಾಯಿ ಮೂರೂ ಭಾಗ ಬದುಕಿದೆ.

ಜನವರಿಯ ಒಂದು ಬುಧವಾರ, ಏಳೂ ಹತ್ತಕ್ಕೆ,
ದೀಪ ಹೋಯಿತು.
ಯಂತ್ರಗಳು ಹಸಿದ ಮರಿಗಳಂತೆ ಒಟ್ಟಿಗೆ ಕೂಗಿದವು.
ಜನರೇಟರ್ ಮಂಜುಗಟ್ಟಿ ಕೂತಿತ್ತು.
ಫೋನಿಗೆ ಮಾತ್ರ ಏನೂ ಗೊತ್ತಿಲ್ಲ.
ಕತ್ತಲಲ್ಲಿ ಕಿವಿಯೊಳಗೆ ಆ ಹೊಸಬ
ಚಕಮಕಿ ಕಲ್ಲುಜ್ಜಿ ಬೆಂಕಿ ಮಾಡುವ ಬಗೆಯನ್ನು
ಸಾವಕಾಶವಾಗಿ ವಿವರಿಸುತ್ತಲೇ ಇದ್ದ.

ಕೊರಿನ್ ಟಾರ್ಚು ಹಲ್ಲಲ್ಲಿ ಕಚ್ಚಿ
ಪಂಪಿನ ಹಿಡಿಕೆ ಬಿಡಿಸಿ
ಮಾರ್ಲಿಸ್‌ಳ ರಕ್ತವನ್ನು ಕೈಯಿಂದ ತಿರುಗಿಸಿದಳು,
ಸುತ್ತು, ಸುತ್ತು, ಬಾವಿಯಿಂದ ಸೇದಿದ ಹಾಗೆ.
ಟಡೇಯೊನ ಹತ್ತಿರ ಇನ್ನೊಬ್ಬ ನರ್ಸ್.
ವರ್ಲಿನ್ ಯಾರನ್ನೂ ಕಾಯಲಿಲ್ಲ,
ಬಿಡುವಿದ್ದ ಕೈ ಚಾಚಿ ತನ್ನದನ್ನು ತಾನೇ ತಿರುಗಿಸಿ,
ಕೊಳವೆ ನೋಡಿ, "ಗುಳ್ಳೆ ಇಲ್ಲ" ಅಂದ,
ಆಮೇಲೆ ನನ್ನ ಕಡೆ ಬಾಗಿದ.
ನನ್ನ ರಕ್ತ ಒಬ್ಬ ಮೆಕ್ಯಾನಿಕ್ಕಿನ ಲಯದಲ್ಲಿ
ನನ್ನೊಳಗೆ ಮರಳಿತು.

ಹನ್ನೊಂದು ನಿಮಿಷ.
ದೀಪ ಬಂದಾಗ ಯಾರೂ ಅಳಲಿಲ್ಲ, ತಬ್ಬಿಕೊಳ್ಳಲಿಲ್ಲ.
ವರ್ಲಿನ್ ಇಯರ್‌ಫೋನ್ ಕಿತ್ತು ಸಿಟ್ಟಿನಿಂದ ಅಂದ:
"ಹಿಡಿಕೆ! ನಲವತ್ತು ಗಂಟೆಯ ಪುಸ್ತಕದಲ್ಲಿ
ಒಂದು ಹಿಡಿಕೆ ಬರೆಯಲಾಗಲಿಲ್ಲವೇ ಅವನಿಗೆ?"
ಮಾರ್ಲಿಸ್ ನೆಲದ ಮೇಲಿನ ಕಲೆ ನೋಡುತ್ತಾ,
"ಒರೆಸುವವರನ್ನೂ," ಅಂದಳು.

ಶುಕ್ರವಾರದಿಂದ ಟಡೇಯೊ
ಎಲ್ಲರಂತೆ ಮಾಮೂಲು ವೇಗದಲ್ಲಿ ಕೇಳುತ್ತಿದ್ದಾನೆ.
ನಾಲ್ಕನೆಯ ಭಾಗ ಅಕ್ಟೋಬರಿಗಂತೆ,
ನಾನು ಈಗಲೇ ದುಡ್ಡು ಕಟ್ಟಿದ್ದೇನೆ.
ಓದುವವರು ಯಾರೆಂದು
ಇನ್ನೂ ಹೇಳಿಲ್ಲ.